ಚಂದ್ರ, ಮಂಗಳದ ನೆಲದ ಮೇಲೆ ಮೈಗೆ ಕಟ್ಟಿಕೊಳ್ಳುವ ಉಪಕರಣಗಳ ವಿನ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ 'ಮೈಗೆ ಕಟ್ಟಿಕೊಳ್ಳುವ ಉಪಕರಣ' ಎಂದರೆ ಯಾವುದು?

ಉಸಿರು, ಒತ್ತಡ, ತಂಪು ಇವನ್ನು ನೋಡಿಕೊಳ್ಳುವುದು ಸ್ಪೇಸ್‌ಸೂಟಿನ ಸ್ವಂತ ವ್ಯವಸ್ಥೆ. ಅದು ಈ ಪುಟದ ವಿಷಯವಲ್ಲ. ಗಗನಯಾತ್ರಿ ನೆಲದ ಮೇಲೆ ನಡೆಯುವಾಗ, ಕಲ್ಲು ಆಯುವಾಗ ದಾರಿ, ಕೆಲಸದ ಪಟ್ಟಿ, ಚಿತ್ರ, ಟಿಪ್ಪಣಿ, ಉಳಿದಿರುವ ಸಮಯ ಇವುಗಳಿಗಾಗಿ ಸೂಟಿನ ಮೇಲೆ ಕಟ್ಟಿಕೊಳ್ಳುವ ಸಾಧನಗಳ ಮಾತು ಇದು.

ಇದರ ಮೊದಲ ಮಾದರಿಗೆ ಬ್ಯಾಟರಿಯೇ ಇರಲಿಲ್ಲ. 1969ರಲ್ಲಿ ಅಪೊಲೊ 11ರವರ ಎಡಗೈ ಗವಸಿನ ತೋಳಿಗೆ ಕೆಲಸದ ಪಟ್ಟಿಯನ್ನು ಹೊಲಿದಿದ್ದರು. ಅಪೊಲೊ 12ರಿಂದ ಅದು ಮಣಿಕಟ್ಟಿನ ಮೇಲೆ ಕೂರುವ, ಹಾಳೆ ಮಗುಚುವ ಪುಟ್ಟ ಪುಸ್ತಕವಾಯಿತು. ಧೂಳು ಕೂತರೆ ಒರೆಸಬಹುದು, ಬಿಸಿಲಲ್ಲಿ ಓದಬಹುದು, ಚಾರ್ಜ್ ಮಾಡಬೇಕಿಲ್ಲ. ನಿಮ್ಮ ಉಪಕರಣ ಮೊದಲು ಈ ಪುಸ್ತಕವನ್ನು ಸೋಲಿಸಬೇಕು. ಎಷ್ಟೋ ವಿನ್ಯಾಸಗಳು ಅಲ್ಲೇ ಮುಗ್ಗರಿಸುತ್ತವೆ.

ಒಳ್ಳೆಯ ಫೋನೊಂದನ್ನು ಗಾಳಿಯಾಡದ ಗಟ್ಟಿ ಡಬ್ಬಿಯಲ್ಲಿ ಹಾಕಿ ಕಟ್ಟಿಕೊಂಡರೆ ಸಾಲದೇ?

ಸಾಲದು. ಮೊದಲ ತೊಡಕು ಡಬ್ಬಿಯೇ. 6 ಸೆಂ.ಮೀ. ಅಗಲ, 10 ಸೆಂ.ಮೀ. ಉದ್ದದ ಮುಖವುಳ್ಳ ಡಬ್ಬಿಯೊಳಗೆ ಭೂಮಿಯ ಗಾಳಿಯನ್ನು ಮುಚ್ಚಿಟ್ಟು ನಿರ್ವಾತಕ್ಕೆ ಒಯ್ದರೆ, ಆ ಒಂದು ಮುಖದ ಮೇಲೆ ಒಳಗಿಂದ ಬೀಳುವ ಬಲ ಸುಮಾರು 600 ನ್ಯೂಟನ್. ಭೂಮಿಯ ಮೇಲೆ 60 ಕಿಲೋ ತೂಕ ಹೇರಿದಂತೆ. ಗಾಜು ಉಬ್ಬುತ್ತದೆ, ಅಂಟು ಬಿಡುತ್ತದೆ. ಆದ್ದರಿಂದ ಡಬ್ಬಿಯನ್ನು ಪೂರ್ತಿ ಮುಚ್ಚದೆ, ಧೂಳು ತಡೆಯುವ ಸೂಕ್ಷ್ಮ ರಂಧ್ರದ ಲೋಹದ ಫಿಲ್ಟರ್ ಮೂಲಕ ಗಾಳಿ ಹೊರಹೋಗಲು ದಾರಿ ಬಿಡಬೇಕು. ಇಲ್ಲವೇ ಒಳಗೆಲ್ಲ ರಾಳ ತುಂಬಿ ಖಾಲಿ ಜಾಗವೇ ಉಳಿಯದಂತೆ ಮಾಡಬೇಕು. ರಾಳ ತುಂಬಿದರೆ ಮುಂದೆ ರಿಪೇರಿ ಮಾಡುವ ಆಸೆ ಬಿಡಬೇಕು, ಅಷ್ಟೇ.

ಗಾಳಿ ಹೋದ ಮೇಲೆ ಒಳಗಿನ ಭಾಗಗಳ ಸರದಿ. ದ್ರವ ತುಂಬಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಸೋರುತ್ತದೆ, ಮೆತ್ತನೆ ಪೊಟ್ಟಣದ ಲಿಥಿಯಂ ಬ್ಯಾಟರಿ ಉಬ್ಬುತ್ತದೆ, ಅಗ್ಗದ ಪ್ಲಾಸ್ಟಿಕ್ ಮತ್ತು ಅಂಟು ಆವಿ ಬಿಟ್ಟು ಕ್ಯಾಮೆರಾ ಲೆನ್ಸಿನ ಮೇಲೆ ಪೊರೆಯಾಗಿ ಕೂರುತ್ತವೆ. ವಸ್ತು ಆರಿಸುವಾಗ ಬಳಸುವ ಹಳೆಯ ಅಳತೆ ಹೀಗಿದೆ: ನಿರ್ವಾತದಲ್ಲಿ 125 ಡಿಗ್ರಿಯಲ್ಲಿ 24 ಗಂಟೆ ಇಟ್ಟಾಗ ತೂಕ ಶೇ. 1ಕ್ಕಿಂತ ಹೆಚ್ಚು ಇಳಿಯಬಾರದು, ತಣ್ಣನೆಯ ಫಲಕದ ಮೇಲೆ ಕೂರುವ ಪೊರೆ ಶೇ. 0.1 ದಾಟಬಾರದು.

ಟಚ್‌ಸ್ಕ್ರೀನ್ ಏಕೆ ಬೇಡ ಎನ್ನುತ್ತೀರಿ?

ಬೆರಳಿನ ಕಾರಣಕ್ಕೆ. ಚರ್ಮಕ್ಕೂ ಪರದೆಗೂ ನಡುವೆ ಗಾಳಿಚೀಲ, ಬಿಗಿಹಿಡಿಯುವ ಬಟ್ಟೆ, ಶಾಖ ತಡೆಯುವ ಪದರಗಳು ಇರುತ್ತವೆ. ಸಾಮಾನ್ಯ ಟಚ್‌ಸ್ಕ್ರೀನಿಗೆ ಅಲ್ಲಿ ಬೆರಳು ಇದೆ ಎಂಬುದೇ ಗೊತ್ತಾಗುವುದಿಲ್ಲ. ಗವಸಿನ ತುದಿಗೆ ವಿದ್ಯುತ್ ಹರಿಯುವ ನೂಲು ಹೊಲಿದರೂ, ಕಲ್ಲು ಉಜ್ಜಿ ಅದು ಸವೆದ ದಿನ ಉಪಕರಣವೂ ಸತ್ತಂತೆ. ಒತ್ತಡದಿಂದ ಕೆಲಸ ಮಾಡುವ ಟಚ್ ಪದರ ಬಳಸಬಹುದು. ಆದರೆ ಗುರಿ ತಪ್ಪುವುದು ತಪ್ಪುವುದಿಲ್ಲ.

ಗವಸಿನೊಳಗೆ ಕೈಗೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿ. ಬಾಹ್ಯಾಕಾಶ ನಿಲ್ದಾಣದಲ್ಲಿ ಬಳಸುವ ಅಮೆರಿಕದ ಸೂಟಿನ ಒತ್ತಡ ಸುಮಾರು 29.6 ಕಿಲೋಪ್ಯಾಸ್ಕಲ್. ಅಂದರೆ ಗವಸಿನ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಒಳಗಿಂದ 300 ಗ್ರಾಂ ತೂಕದಷ್ಟು ಒತ್ತು. ಬೆರಳು ಮಡಿಸುವುದೆಂದರೆ ಗಾಳಿ ತುಂಬಿದ ಚೆಂಡನ್ನು ಹಿಸುಕಿದ ಹಾಗೆ, ಅದೂ ಏಳೆಂಟು ಗಂಟೆ. ಬೆರಳ ತುದಿ ಗವಸಿನ ತುದಿಗೆ ಒತ್ತಿ ಒತ್ತಿ ಉಗುರು ಕೀಳುವುದು ಗಗನಯಾತ್ರಿಗಳ ಮಾಮೂಲಿ ಗಾಯ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಅವರಿಗೆ ನೆಲ ಕೊರೆಯುವ ಕೆಲಸದಲ್ಲಿ ಇದೇ ಆಯಿತು. ಇಂಥ ಕೈಗೆ "ಎರಡು ಬೆರಳಲ್ಲಿ ಚಿವುಟಿ ಚಿತ್ರ ದೊಡ್ಡದು ಮಾಡಿ" ಎಂದು ಹೇಳುವುದು ಕ್ರೌರ್ಯ.

ಹಾಗಾದರೆ ಬಟನ್ ಹೇಗಿರಬೇಕು?

ಪ್ರಯೋಗ ಶುರು ಮಾಡಲು ಈ ಅಳತೆ ಇಟ್ಟುಕೊಳ್ಳಿ, ಆಮೇಲೆ ಗವಸು ಹಾಕಿ ತಿದ್ದಿ:

- ಬಟನ್ ಅಗಲ 25 ಮಿ.ಮೀ., ಎರಡರ ಅಂಚಿನ ನಡುವೆ 20 ಮಿ.ಮೀ. ಜಾಗ.
- ಒತ್ತಿದಾಗ 3ರಿಂದ 5 ಮಿ.ಮೀ. ಒಳಹೋಗಬೇಕು, 'ಟಕ್' ಎಂದದ್ದು ಗವಸಿನ ಆಚೆಗೂ ತಿಳಿಯಬೇಕು.
- ಬಲ ಸುಮಾರು 10 ನ್ಯೂಟನ್. ಕಡಿಮೆಯಾದರೆ ತೋಳು ಎದೆಗೆ ತಗುಲಿದರೂ ಒತ್ತಿಹೋಗುತ್ತದೆ, ಹೆಚ್ಚಾದರೆ ಬೆರಳು ಸೋಲುತ್ತದೆ.
- ಸುತ್ತ ತಗ್ಗು ಗೋಡೆ ಇರಲಿ. ಆಕಸ್ಮಿಕ ಒತ್ತು ತಪ್ಪುತ್ತದೆ, ಬೆರಳಿಗೆ ಜಾಗವೂ ಸಿಗುತ್ತದೆ.

ನಾಲ್ಕು ಬಟನ್ ದಾಟಬೇಡಿ. ಮುಂದೆ, ಹಿಂದೆ, ಸರಿ, ಗುರುತು ಹಾಕು: ಇಷ್ಟರಲ್ಲಿ ಆಗದ ಕೆಲಸ ನಡೆಯುತ್ತಿರುವವರು ಮಾಡಬೇಕಾದ ಕೆಲಸವೇ ಅಲ್ಲ. ದಪ್ಪ ಹಿಡಿಯ ತಿರುಗಣೆಯೂ ಒಳ್ಳೆಯದೇ, ಆದರೆ ತಿರುಗುವ ಸಂದಿಗೆ ಧೂಳು ನುಗ್ಗದಂತೆ ಅಕ್ಷದ ಬದಲು ಆಯಸ್ಕಾಂತ ಮತ್ತು ಅದನ್ನು ಮುಟ್ಟದೆಯೇ ಗುರುತಿಸುವ ಹಾಲ್ ಸೆನ್ಸರ್ ಬಳಸಿ. ಬಟನ್‌ಗಳಿಗೂ ಇದೇ ಉಪಾಯ: ಮೇಲೆ ಬಿರುಕಿಲ್ಲದ ಒಂದೇ ರಬ್ಬರ್ ಹೊದಿಕೆ, ಒಳಗೆ ಆಯಸ್ಕಾಂತ. ಮಾಮೂಲಿ ಸಿಲಿಕೋನ್ ಕೂಡ ಚಂದ್ರನ ಚಳಿಗೆ ಬಿರುಸಾಗುತ್ತದೆ, ಕಡಿಮೆ ತಾಪಕ್ಕೆಂದೇ ಮಾಡಿದ ಬಗೆಯನ್ನು ತರಿಸಿ.

ಮೈಮೇಲೆ ಎಲ್ಲಿ ಕಟ್ಟಬೇಕು?

ಬಲಗೈಯವರಿಗೆ ಎಡ ಮುಂಗೈ, ಮಣಿಕಟ್ಟಿನ ಕೀಲಿನಿಂದ ಮೇಲೆ. ಮಣಿಕಟ್ಟಿನ ಮೇಲೆಯೇ ಕಟ್ಟಿದರೆ ಗವಸಿನ ಉಂಗುರ ತಿರುಗುವುದಕ್ಕೆ ಅಡ್ಡಿ. ಎದೆಯ ಮೇಲೆ ಜಾಗವಿದೆ ಎನ್ನಿಸುತ್ತದೆ, ಆದರೆ ಹೆಲ್ಮೆಟ್ಟಿನ ಕೆಳಅಂಚು ಕಣ್ಣಿಗೆ ಅಡ್ಡ ಬರುತ್ತದೆ. ನಿಲ್ದಾಣದ ಸೂಟಿನಲ್ಲಿ ಎದೆಯ ನಿಯಂತ್ರಣ ಪೆಟ್ಟಿಗೆಯ ಅಕ್ಷರಗಳನ್ನು ಉಲ್ಟಾ ಬರೆದಿರುತ್ತಾರೆ, ಗಗನಯಾತ್ರಿ ಅದನ್ನು ತೋಳಿಗೆ ಕಟ್ಟಿದ ಕನ್ನಡಿಯಲ್ಲಿ ಓದುತ್ತಾರೆ. ಎದೆ ಕ್ಯಾಮೆರಾಕ್ಕೆ ಒಳ್ಳೆಯ ಜಾಗ: ಅಪೊಲೊದವರು ಹ್ಯಾಸಲ್‌ಬ್ಲಾಡ್ ಕ್ಯಾಮೆರಾವನ್ನು ಎದೆಗೆ ಸಿಕ್ಕಿಸಿ, ಮೈ ತಿರುಗಿಸಿಯೇ ಗುರಿ ಹಿಡಿಯುತ್ತಿದ್ದರು. ತೊಡೆ ಬೇಡ, ಬಗ್ಗಿದಾಗ ಕಾಣುವುದಿಲ್ಲ, ಧೂಳೂ ಅಲ್ಲೇ ಹೆಚ್ಚು.

ಮೂಲೆಗಳೆಲ್ಲ ದುಂಡಗಿರಲಿ. ಹರಿತವಾದ ಅಂಚು ಸೂಟಿನ ಬಟ್ಟೆ ಕುಯ್ದರೆ ಉಪಕರಣ ಚೆನ್ನಾಗಿ ಕೆಲಸ ಮಾಡಿದ್ದಕ್ಕೆ ಅರ್ಥವಿಲ್ಲ.

ಅಕ್ಷರ ಎಷ್ಟು ದೊಡ್ಡದಿರಬೇಕು? ಬಿಸಿಲಲ್ಲಿ ಕಾಣುತ್ತದೆಯೇ?

ಮುಂಗೈ ಪರದೆ ಕಣ್ಣಿಂದ ಸುಮಾರು 45 ಸೆಂ.ಮೀ. ದೂರ. ಆರಾಮವಾಗಿ ಓದಲು ಅಕ್ಷರ 20 ಆರ್ಕ್‌ಮಿನಿಟ್ (ಡಿಗ್ರಿಯ ಮೂರನೇ ಒಂದು ಪಾಲು) ಕೋನ ತುಂಬಬೇಕೆಂದು ಹಿಡಿದರೆ 2.6 ಮಿ.ಮೀ. ಎತ್ತರ ಸಾಕು. ವೈಸರಿನ (ಹೆಲ್ಮೆಟ್ಟಿನ ಮುಖದ ಪಾರದರ್ಶಕ ಮುಚ್ಚಳ) ಚಿನ್ನದ ಲೇಪ, ಗೀರು, ಧೂಳು ಸೇರಿಸಿದರೆ 5 ಮಿ.ಮೀ. ಇಡಿ. ಅಂದರೆ ಒಂದು ಪರದೆಗೆ ಆರೇಳು ಸಾಲು ಮಾತ್ರ. ಬರೆಯುವವರು ಚುಟುಕಾಗಿ ಬರೆಯಲಿ.

ಬಿಸಿಲಿನೊಂದಿಗೆ ಸ್ಪರ್ಧಿಸುವ ಬದಲು ಬಿಸಿಲನ್ನೇ ಬಳಸುವ ಪ್ರತಿಫಲಿಸುವ ಪರದೆ ವಾಸಿ, ವಿದ್ಯುತ್ತೂ ಉಳಿಯುತ್ತದೆ. ಆದರೆ ಚಂದ್ರನ ದಕ್ಷಿಣ ಧ್ರುವದಲ್ಲಿ ಸೂರ್ಯ ದಿಗಂತದಿಂದ ಒಂದೂವರೆ ಡಿಗ್ರಿ ಆಸುಪಾಸಿನಲ್ಲೇ ತೆವಳುತ್ತಾನೆ. ಒಂದು ಹೆಜ್ಜೆಗೆ ಕಣ್ಣು ಕುಕ್ಕುವ ಬೆಳಕು, ಮುಂದಿನ ಹೆಜ್ಜೆಗೆ ಕಗ್ಗತ್ತಲೆ. ಆದ್ದರಿಂದ ಪ್ರತಿಫಲಿಸುವ ಪರದೆಗೂ ಅಂಚಿನಲ್ಲಿ ಮಂದ ದೀಪ ಬೇಕು. ಸಾಮಾನ್ಯ ಎಲ್‌ಸಿಡಿ ಸೊನ್ನೆಗಿಂತ 20-30 ಡಿಗ್ರಿ ಕೆಳಗೆ ಜಡವಾಗುತ್ತದೆ, ಅದಕ್ಕೆ ಹಿಂದಿನಿಂದ ಹೀಟರ್ ಬೇಕು.

ಶಾಖದ ಲೆಕ್ಕ ಹೇಗೆ?

ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ಒಂದು ಲೆಕ್ಕ ಪೂರ್ತಿ ಮಾಡೋಣ. ಗಾಳಿಯಿಲ್ಲದ ಕಡೆ ಫ್ಯಾನ್ ತಿರುಗಿಸಿ ಪ್ರಯೋಜನವಿಲ್ಲ. ಶಾಖ ಹೋಗುವುದು ತಗುಲಿಕೊಂಡ ವಸ್ತುವಿಗೆ ಇಲ್ಲವೇ ವಿಕಿರಣವಾಗಿ ಆಕಾಶಕ್ಕೆ. ಸೂಟು ಬಿಸಿಯಾಗಬಾರದೆಂದು ಕೆಳಗೆ ಶಾಖ ತಡೆಯುವ ಪದರ ಇಟ್ಟರೆ ಉಳಿಯುವುದು ವಿಕಿರಣ ಒಂದೇ.

ಅದೇ 6 × 10 ಸೆಂ.ಮೀ. ಮುಖ, ವಿಸ್ತೀರ್ಣ 0.006 ಚದರ ಮೀಟರ್. ಸೂರ್ಯನ ಬಿಸಿಲು ನೇರ ಬಿದ್ದರೆ ಚದರ ಮೀಟರಿಗೆ 1,361 ವ್ಯಾಟ್. ಮುಖ ಕಪ್ಪಗಿದ್ದು ಶೇ. 90ರಷ್ಟು ಹೀರಿಕೊಂಡರೆ 7.3 ವ್ಯಾಟ್ ಒಳಕ್ಕೆ. ಅಷ್ಟನ್ನೂ 0.85 ಉತ್ಸರ್ಜನಾಂಕದ (ಶಾಖ ಹೊರಸೂಸುವ ಸಾಮರ್ಥ್ಯದ ಅಳತೆ) ಅದೇ ಮುಖದಿಂದ ಹೊರಹಾಕಲು ಅದು ಸುಮಾರು 126 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಬೇಕು. ಇನ್ನೂ ಉಪಕರಣ ಚಾಲೂ ಮಾಡಿಲ್ಲ! ಅದೇ ಮುಖ ಶೇ. 20 ಮಾತ್ರ ಹೀರುವ ಬಿಳಿ ಬಣ್ಣದ್ದಾದರೆ, ಒಳಗಿನ ಎಲೆಕ್ಟ್ರಾನಿಕ್ ಚಿಪ್‌ಗಳು 1 ವ್ಯಾಟ್ ಉರಿಸುತ್ತಿದ್ದರೂ 36 ಡಿಗ್ರಿಯಲ್ಲಿ ನಿಲ್ಲುತ್ತದೆ. ನೆಲದಿಂದ ಬರುವ ಶಾಖವನ್ನು ಇಲ್ಲಿ ಸೇರಿಸಿಲ್ಲ, ಸಮಭಾಜಕದ ಮಧ್ಯಾಹ್ನದಲ್ಲಿ ಅದೂ ದೊಡ್ಡದೇ. ಪಾಠ ಸರಳ: ಕಪ್ಪು ಪರದೆ ಚಿಕ್ಕದಾಗಲಿ, ಉಳಿದ ಮುಖವೆಲ್ಲ ಬಿಳಿ ಇರಲಿ.

ಅದೇ ಬಿಳಿ ಪೆಟ್ಟಿಗೆಯ ಮೇಲೆ ಬೂದು ಧೂಳು ಕೂತರೆ ಲೆಕ್ಕ ಮತ್ತೆ ಕಪ್ಪಿನ ಕಡೆಗೆ ಜಾರುತ್ತದೆ. ಧೂಳು ಶಾಖದ ಸಮಸ್ಯೆಯೂ ಹೌದು ಎನ್ನುವುದು ಇದಕ್ಕೇ.

ಬ್ಯಾಟರಿ ಎಷ್ಟು ಬೇಕು?

ಸರಾಸರಿ 1.2 ವ್ಯಾಟ್, 8 ಗಂಟೆಯ ನಡಿಗೆ: 9.6 ವ್ಯಾಟ್-ಗಂಟೆ. ಚಳಿಗೆ ಶೇ. 30, ವಯಸ್ಸಿಗೆ ಶೇ. 20, ಕೊನೆಯಲ್ಲಿ ಮುಟ್ಟದೆ ಉಳಿಸುವ ಪಾಲು ಶೇ. 20 ಕಳೆದು ಲೆಕ್ಕ ಹಾಕಿದರೆ 21.4 ವ್ಯಾಟ್-ಗಂಟೆ ಬೇಕಾಗುತ್ತದೆ. 3 ಆಂಪಿಯರ್-ಗಂಟೆಯ 18650 ಸೆಲ್ (ದುಂಡು ಕೊಳವೆಯಾಕಾರದ ಲಿಥಿಯಂ ಬ್ಯಾಟರಿ) ಒಂದರಲ್ಲಿ 10.8 ವ್ಯಾಟ್-ಗಂಟೆ ಇರುವುದರಿಂದ ಎರಡು ಸೆಲ್ ಸಾಕು, ಅದೂ ಕೂದಲೆಳೆಯಲ್ಲಿ. ಲೋಹದ ಗಟ್ಟಿ ಕವಚ ಇರುವುದರಿಂದ ನಿರ್ವಾತದಲ್ಲಿ ಪೊಟ್ಟಣದ ಬ್ಯಾಟರಿಗಿಂತ ಇವೇ ಮೇಲು. ಹೀಟರ್ ಉರಿಸುವುದಾದರೆ ಲೆಕ್ಕ ಮತ್ತೆ ಮೊದಲಿಂದ.

ಸೊನ್ನೆ ಡಿಗ್ರಿಗಿಂತ ಕೆಳಗೆ ಎಂದೂ ಚಾರ್ಜ್ ಮಾಡಬೇಡಿ. ಲಿಥಿಯಂ ಲೋಹವಾಗಿ ಅಂಟಿಕೊಂಡು ಮುಂದೊಮ್ಮೆ ಒಳಗೇ ಶಾರ್ಟ್ ಆಗುತ್ತದೆ. ತಾಪ ನೋಡಿ ಚಾರ್ಜ್ ತಡೆಯುವ ಕೆಲಸವನ್ನು ಸಾಫ್ಟ್‌ವೇರಿಗೆ ಬಿಡದೆ ಸರ್ಕ್ಯೂಟಿನಲ್ಲೇ ಇಡಿ.

ಧೂಳಿನ ಬಗ್ಗೆ ಎಲ್ಲರೂ ಅಷ್ಟೊಂದು ಹೆದರುವುದೇಕೆ?

ಚಂದ್ರನ ಧೂಳನ್ನು ನೀರು, ಗಾಳಿ ಉಜ್ಜಿ ನುಣುಪು ಮಾಡಿಲ್ಲ. ಒಡೆದ ಗಾಜಿನ ಚೂರಿನಂತೆ ಮೊನಚು, ಮೇಲೆ ಸ್ಥಾಯೀ ವಿದ್ಯುತ್ತಿನಿಂದ ಅಂಟು. ಅಪೊಲೊ ಕಾಲದಲ್ಲಿ ವೈಸರ್ ಗೀರಿತು, ಮಾಪಕಗಳ ಮುಖ ಓದಲಾರದಷ್ಟು ಮಸುಕಾಯಿತು, ಸೂಟಿನ ಕೀಲುಗಳು ಬಿಗಿದವು. 1972ರಲ್ಲಿ ಅಪೊಲೊ 17ರ ರೋವರಿನ ಮಡ್‌ಗಾರ್ಡ್ ಮುರಿದಾಗ ಧೂಳಿನ ಮಳೆ ತಡೆಯಲು ನಕ್ಷೆಯ ಹಾಳೆಗಳನ್ನು ಟೇಪಿನಿಂದ ಜೋಡಿಸಿ, ಕ್ಲಾಂಪ್ ಹಾಕಿ ನಿಲ್ಲಿಸಬೇಕಾಯಿತು.

ಪರದೆಯನ್ನು ಗವಸಿನಿಂದ ಒರೆಸಲು ಬಿಡಬೇಡಿ, ಅದು ಮರಳು ಕಾಗದ ಉಜ್ಜಿದಂತೆ. ಮೆತ್ತನೆ ಬ್ರಷ್ ಕೊಡಿ, ಮೇಲೆ ಕಿತ್ತೆಸೆಯುವ ತೆಳು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ. ಪಿನ್ ಇರುವ ಕನೆಕ್ಟರ್ ಹೊರಗೆ ಕಾಣಲೇಬಾರದು, ಚಾರ್ಜಿಂಗ್ ತಂತಿಯಿಲ್ಲದೆ ಆಗಲಿ. ವೆಲ್ಕ್ರೋ ಧೂಳು ತುಂಬಿ ಹಿಡಿತ ಕಳೆದುಕೊಳ್ಳುತ್ತದೆ, ಪಟ್ಟಿಗೆ ಅದರ ಜೊತೆ ದಪ್ಪ ಬಕಲ್ ಕೂಡ ಇರಲಿ. ಅಲೆಯಲೆಯಾಗಿ ವಿದ್ಯುತ್ ಕ್ಷೇತ್ರ ಹರಿಸಿ ಧೂಳು ಕೊಡವುವ ಫಲಕವನ್ನು 2025ರಲ್ಲಿ ಬ್ಲೂ ಗೋಸ್ಟ್ ಲ್ಯಾಂಡರ್ ಚಂದ್ರನ ಮೇಲೆ ಪರೀಕ್ಷಿಸಿತು, ಅದು ಕೆಲಸ ಮಾಡಿತು. ಆದರೆ ಅದಕ್ಕೆ ಹೆಚ್ಚಿನ ವೋಲ್ಟೇಜ್ ಬೇಕು. ಮುಂಗೈ ಉಪಕರಣಕ್ಕೆ ಸದ್ಯ ಬ್ರಷ್ಷೇ ಸರಿ.

ಜಿಪಿಎಸ್ ಇಲ್ಲದೆ ದಾರಿ ತೋರಿಸುವುದು ಹೇಗೆ?

ದಿಕ್ಸೂಚಿಯೂ ಇಲ್ಲ ಎಂಬುದನ್ನು ಸೇರಿಸಿಕೊಳ್ಳಿ. ಚಂದ್ರನಿಗಾಗಲಿ ಮಂಗಳಕ್ಕಾಗಲಿ ಇಡೀ ಗ್ರಹವನ್ನು ಆವರಿಸುವ ಕಾಂತಕ್ಷೇತ್ರವಿಲ್ಲ. ಕಣ್ಣಂದಾಜೂ ಕೈಕೊಡುತ್ತದೆ: ಚಂದ್ರನ ಮೇಲೆ ಮಂಜು ಮುಸುಕಿಲ್ಲದ್ದರಿಂದ ದೂರದ ಗುಡ್ಡ ಹತ್ತಿರ ಕಾಣುತ್ತದೆ, ನಿಂತವರ ದಿಗಂತ 2.4 ಕಿ.ಮೀ. ಮಾತ್ರ. 1971ರ ಫೆಬ್ರುವರಿ 6ರಂದು ಅಪೊಲೊ 14ರ ಶೆಪರ್ಡ್ ಮತ್ತು ಮಿಚೆಲ್ ಕೋನ್ ಕುಳಿಯ ಅಂಚು ಹುಡುಕಿ ಏದುಸಿರು ಬಿಟ್ಟು ಹಿಂದಿರುಗಿದರು. ಅವರು ಮುಟ್ಟಿದ ಜಾಗಕ್ಕೂ ಅಂಚಿಗೂ ಇದ್ದದ್ದು ಸುಮಾರು 30 ಮೀಟರ್.

ನಡೆದ ದೂರವನ್ನು ಬೂಟಿನ ಚಲನ ಸೆನ್ಸರಿನಿಂದ ಅಳೆಯಬಹುದು. ಪಾದ ನೆಲಕ್ಕೂರಿದ ಪ್ರತಿಸಲ ವೇಗ ಸೊನ್ನೆ ಎಂದು ತಿದ್ದಿಕೊಂಡರೆ ತಪ್ಪು ಬೇಗ ಬೆಳೆಯುವುದಿಲ್ಲ. ತೊಡಕು ದಿಕ್ಕಿನದು: 5 ಡಿಗ್ರಿ ವಾಲಿದರೆ 2 ಕಿ.ಮೀ. ನಡೆದಾಗ 175 ಮೀಟರ್ ಪಕ್ಕಕ್ಕೆ. ಚಂದ್ರನ ಮೇಲೆ ಇದಕ್ಕೆ ಸೊಗಸಾದ ಮದ್ದಿದೆ. ಸೂರ್ಯ ಅಲ್ಲಿ ಗಂಟೆಗೆ ಅರ್ಧ ಡಿಗ್ರಿ ಮಾತ್ರ ಸರಿಯುತ್ತಾನೆ, 8 ಗಂಟೆಯ ನಡಿಗೆಗೆ ನಾಲ್ಕೇ ಡಿಗ್ರಿ. ಉಪಕರಣದ ಅಂಚಿಗೆ ಒಂದು ಸಣ್ಣ ಕಡ್ಡಿ, ಕೆಳಗೆ ಡಿಗ್ರಿ ಗೆರೆ. ನೆರಳು ನೋಡಿ ದಿಕ್ಕು ತಿದ್ದಿ, ಅರ್ಧ ಗಂಟೆಗೊಮ್ಮೆ. ಅಪೊಲೊ ರೋವರಿನಲ್ಲೂ ದಿಕ್ಕು ಹಿಡಿದಿಡುವ ಗೈರೋ ಸರಿಪಡಿಸಲು ಇಂಥದೇ ನೆರಳಿನ ಸಾಧನವಿತ್ತು. ಮಂಗಳದಲ್ಲಿ ಸೂರ್ಯ ಗಂಟೆಗೆ ಸುಮಾರು 14.6 ಡಿಗ್ರಿ ಓಡುವುದರಿಂದ ಗಡಿಯಾರ ಜೋಡಿಸಲೇಬೇಕು.

ಭೂಮಿಯ ಜಿಪಿಎಸ್ ಸಂಕೇತ ಚಂದ್ರನ ನೆಲದಲ್ಲೂ ಸಿಗುತ್ತದೆ ಎಂದು 2025ರ ಮಾರ್ಚ್‌ನಲ್ಲಿ ಬ್ಲೂ ಗೋಸ್ಟ್ ಮೇಲಿದ್ದ ಲುಗ್ರೆ ರಿಸೀವರ್ ತೋರಿಸಿತು. ಅಷ್ಟು ದೂರಕ್ಕೆ ಸಂಕೇತ ತೀರಾ ಕ್ಷೀಣ. ಹೆಜ್ಜೆ ಹೆಜ್ಜೆಗೆ ದಾರಿ ತೋರಿಸಲು ಅದನ್ನೇ ನೆಚ್ಚಿಕೊಳ್ಳಬೇಡಿ.

ಪರದೆಯ ಮೇಲೆ ಎದ್ದು ಕಾಣಬೇಕಾದ ಒಂದು ಅಂಕಿ ಯಾವುದು?

ಮರಳಿ ಹೋಗಲು ಉಳಿದಿರುವ ನಿಮಿಷ. ಆಮ್ಲಜನಕ, ತಂಪಿನ ನೀರು, ಸೂಟಿನ ಬ್ಯಾಟರಿ, ಇಂಗಾಲದ ಡೈಆಕ್ಸೈಡ್ ಹೀರುವ ಸಾಮರ್ಥ್ಯ ನಾಲ್ಕರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದರಿಂದ ನಡಿಗೆಯ ಸಮಯ ಕಳೆದು ತೋರಿಸಿ. ರೋವರ್ ಮೇಲೆ ಹೋಗಿದ್ದರೂ ನಡಿಗೆಯ ಸಮಯವನ್ನೇ ಹಿಡಿಯಿರಿ, ರೋವರ್ ಕೆಟ್ಟರೆ ಕಾಲೇ ಗತಿ. ಆದರೆ ಸೂಟಿನ ಅಪಾಯದ ಎಚ್ಚರಿಕೆ ಮಾತ್ರ ಈ ಉಪಕರಣದ ಮೂಲಕ ಬರಬಾರದು. ಅದು ಸೂಟಿನಿಂದಲೇ ನೇರ ಕಿವಿಗೆ.

ಧ್ವನಿಯಲ್ಲೇ ಆಜ್ಞೆ ಕೊಟ್ಟರೆ ಬಟನ್ ತಾಪತ್ರಯವೇ ಇಲ್ಲವಲ್ಲ?

ಅರ್ಧ ನಿಜ. ಟಿಪ್ಪಣಿ ಹೇಳಿಕೊಳ್ಳಲು ಧ್ವನಿಯೇ ಉತ್ತಮ. ಆದರೆ ಹೆಲ್ಮೆಟ್ಟಿನೊಳಗೆ ಫ್ಯಾನಿನ ಸದ್ದು, ಏದುಸಿರು, ಮೇಲಿಂದ ಜೊತೆಗಾರರ ಹಾಗೂ ನಿಯಂತ್ರಣ ಕೇಂದ್ರದ ಮಾತು. ಅದೇ ಮೈಕಿನಲ್ಲಿ ಯಂತ್ರಕ್ಕೂ ಆಜ್ಞೆ ಕೊಟ್ಟರೆ ಗೊಂದಲ. ಒಂದು ಬಟನ್ ಒತ್ತಿ ಹಿಡಿದಾಗ ಮಾತ್ರ ಕೇಳಿಸಿಕೊಳ್ಳಲಿ. ಅಳಿಸುವ, ಕಳಿಸುವ ಆಜ್ಞೆಗಳಿಗೆ ಧ್ವನಿ ಬೇಡ.

ಹೆಲ್ಮೆಟ್ಟಿನೊಳಗೇ ಚಿತ್ರ ಮೂಡಿಸುವ ಪರದೆ?

ಆಸೆ ಹುಟ್ಟಿಸುತ್ತದೆ, ಕೆಲಸ ಕಷ್ಟ. ಒಳಗಿರುವುದು ಶುದ್ಧ ಆಮ್ಲಜನಕ. ಕಿಡಿ ಹಾರಬಲ್ಲ, ಬಿಸಿಯಾಗಬಲ್ಲ ಯಾವುದನ್ನೂ ಮುಖದ ಪಕ್ಕ ಇಡುವ ಮುನ್ನ ವಸ್ತುವಿನಿಂದ ವಸ್ತುವಿಗೆ ಬೆಂಕಿ ಪರೀಕ್ಷೆ ಆಗಬೇಕು. ನೀರಿನ ಅಪಾಯವೂ ಇದೆ: 2013ರ ಜುಲೈ 16ರಂದು ನಿಲ್ದಾಣದ ಹೊರಗೆ ನಡೆಯುತ್ತಿದ್ದ ಇಟಲಿಯ ಗಗನಯಾತ್ರಿ ಲೂಕಾ ಪಾರ್ಮಿಟಾನೊ ಅವರ ಹೆಲ್ಮೆಟ್ಟಿಗೆ ಲೀಟರಿಗೂ ಮಿಕ್ಕಿ ನೀರು ಸೋರಿತ್ತು. ಇನ್ನು ತಲೆ ಹೆಲ್ಮೆಟ್ಟಿನೊಳಗೆ ತಿರುಗುತ್ತದೆ, ಹೆಲ್ಮೆಟ್ ತಿರುಗುವುದಿಲ್ಲ. ಕಣ್ಣು ಎಲ್ಲಿದ್ದರೂ ಚಿತ್ರ ಕಾಣಬೇಕಾದರೆ ದೃಗ್ವ್ಯವಸ್ಥೆ ದಪ್ಪವಾಗುತ್ತದೆ. ಸಾಧ್ಯವಾದರೆ ವಿದ್ಯುತ್ ಭಾಗಗಳನ್ನು ಹೊರಗಿಟ್ಟು ಬೆಳಕನ್ನು ಮಾತ್ರ ಒಳಗೆ ಕಳಿಸಿ.

ವಿಕಿರಣ ತಡೆಯುವ ದುಬಾರಿ ಚಿಪ್ಪೇ ಬೇಕೇ?

ಕೆಲವು ದಿನಗಳ ನಡಿಗೆಗೆ ಒಟ್ಟು ವಿಕಿರಣ ದೊಡ್ಡ ತೊಂದರೆಯಲ್ಲ, ಒಂದೇ ಒಂದು ಕಣ ತಂದಿಡುವ ಎಡವಟ್ಟು ತೊಂದರೆ. ಕಣ ಬಡಿದು ಚಿಪ್ ಸ್ತಬ್ಧವಾಗಿ ಕರೆಂಟ್ ಏರಿದೊಡನೆ ವಿದ್ಯುತ್ ಕಡಿದು ಮತ್ತೆ ಕೊಡುವ ಸರ್ಕ್ಯೂಟ್, ವಾಚ್‌ಡಾಗ್ ಟೈಮರ್ (ಪ್ರೋಗ್ರಾಂ ನಿಂತುಹೋದರೆ ಮತ್ತೆ ಚಾಲೂ ಮಾಡುವ ಗಡಿಯಾರ), ತಪ್ಪು ತಿದ್ದುವ ಮೆಮೊರಿ, ಸಾಫ್ಟ್‌ವೇರಿನ ಎರಡು ಪ್ರತಿ ಇರಲಿ. ಮತ್ತೆ ಚಾಲೂ ಆದಾಗ ನಿಂತ ಸಾಲಿಗೇ ಐದು ಸೆಕೆಂಡಿನೊಳಗೆ ಬರಬೇಕು.

ಚಂದ್ರನಿಗೆ ಮಾಡಿದ್ದು ಮಂಗಳಕ್ಕೂ ಆಗುತ್ತದೆಯೇ?

ಪೆಟ್ಟಿಗೆ ಆಗಬಹುದು, ಒಳಗಿನದು ಆಗದು. ಮಂಗಳದ ಗಾಳಿ ಸುಮಾರು 600 ಪ್ಯಾಸ್ಕಲ್ ಒತ್ತಡದ ಇಂಗಾಲದ ಡೈಆಕ್ಸೈಡ್. ಆ ಒತ್ತಡದಲ್ಲಿ ಒಂದೆರಡು ಮಿ.ಮೀ. ಸಂದಿಯಲ್ಲಿ ಕಿಡಿ ಹಾರುವುದು ಅತಿ ಸುಲಭ, ಕೆಲವು ನೂರು ವೋಲ್ಟ್ ಸಾಕು. ಹೆಚ್ಚು ವೋಲ್ಟಿನ ಸರ್ಕ್ಯೂಟ್ ಬೋರ್ಡಿನ ಗೆರೆಗಳ ನಡುವಿನ ಅಂತರವೂ ಇದರ ಆಸುಪಾಸಿನಲ್ಲೇ ಇರಬಹುದು. ಚಂದ್ರನ ನಿರ್ವಾತದಲ್ಲಿ ಸುಮ್ಮನಿದ್ದ ಹೆಚ್ಚು ವೋಲ್ಟಿನ ಸರ್ಕ್ಯೂಟ್ ಅಲ್ಲಿ ಮಿನುಗತೊಡಗುತ್ತದೆ. ಗುರುತ್ವ ಆರನೇ ಒಂದರಿಂದ ಶೇ. 38ಕ್ಕೆ ಏರುವುದರಿಂದ ತೋಳಿನ ತೂಕವೂ ಲೆಕ್ಕಕ್ಕೆ ಬರುತ್ತದೆ. ಧೂಳಿನಲ್ಲಿ ವಿಷಕಾರಿ ಪರ್ಕ್ಲೋರೇಟ್ ಇದೆ, ಉಪಕರಣವನ್ನು ಒಳಗೆ ತರುವ ಮೊದಲು ತೊಳೆಯುವಂತಿರಬೇಕು.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಮಾತಿನ ತಡ. ಚಂದ್ರನಿಂದ ಭೂಮಿಗೆ 1.3 ಸೆಕೆಂಡ್, ಮಂಗಳದಿಂದ 3ರಿಂದ 22 ನಿಮಿಷ. "ಈ ಕಲ್ಲು ತರಲೇ ಬೇಡವೇ" ಎಂದು ಕೇಳಿ ಉತ್ತರಕ್ಕೆ ಮುಕ್ಕಾಲು ಗಂಟೆ ಕಾಯುವಂತಿಲ್ಲ. ನಕ್ಷೆ, ಕಲ್ಲುಗಳ ಚಿತ್ರ, ರಿಪೇರಿ ಕ್ರಮ ಎಲ್ಲವೂ ಉಪಕರಣದೊಳಗೇ ಇರಬೇಕು.

ಪರೀಕ್ಷೆ ಯಾವ ಕ್ರಮದಲ್ಲಿ?

ಮೊದಲು ರಟ್ಟು. ನಿಜವಾದ ಅಳತೆಯ ರಟ್ಟಿನ ಪೆಟ್ಟಿಗೆಯನ್ನು ತೋಳಿಗೆ ಕಟ್ಟಿ, ದಪ್ಪ ಗವಸು ಹಾಕಿ, ಅರ್ಧ ದಿನ ಕಲ್ಲು ಆಯಿಸಿ. ಇದಕ್ಕೆ ಖರ್ಚಿಲ್ಲ, ಅರ್ಧ ತಪ್ಪು ಇಲ್ಲೇ ಸಿಗುತ್ತದೆ.

ಆಮೇಲೆ ಗವಸಿನ ಪೆಟ್ಟಿಗೆ: ಗವಸು ಜೋಡಿಸಿದ ಗಟ್ಟಿ ಪೆಟ್ಟಿಗೆಯ ಒಳಗಿನ ಒತ್ತಡವನ್ನು ಹೊರಗಿಗಿಂತ 30 ಕಿಲೋಪ್ಯಾಸ್ಕಲ್ ಇಳಿಸಿದರೆ ಗವಸು ಸೂಟಿನಲ್ಲಿದ್ದಂತೆಯೇ ಉಬ್ಬಿ ಬಿಗಿಯುತ್ತದೆ. ನಾಲ್ಕು ಬಟನ್‌ಗಳನ್ನು 200 ಸಲ ಒತ್ತಿಸಿ, ತಪ್ಪು ಎಣಿಸಿ. ಮೊದಲ 20ರ ತಪ್ಪಿಗಿಂತ ಕೊನೆಯ 20ರದ್ದೇ ಮುಖ್ಯ, ಕೈ ಸೋತ ಮೇಲಿನ ಸತ್ಯ ಅದು.

ಮೂರನೆಯದು ಧೂಳು. ಜೆಎಸ್‌ಸಿ-1ಎ ಅಥವಾ ಎಲ್‌ಎಚ್‌ಎಸ್-1 ಕೃತಕ ಧೂಳು ಎರಚಿ ಬಟನ್, ಬಕಲ್, ಫಿಲ್ಟರ್ ಆಡಿಸಿ. ಮಾಸ್ಕ್ ಹಾಕಿಕೊಳ್ಳಿ, ಶ್ವಾಸಕೋಶಕ್ಕೆ ಕೆಟ್ಟದ್ದು. ಗಾಳಿಯಲ್ಲಿ ಪಾಸಾದದ್ದು ನಿರ್ವಾತದಲ್ಲಿ ಪಾಸಾಗುತ್ತದೆಂದಿಲ್ಲ, ಧೂಳು ಅಲ್ಲಿ ಇನ್ನೂ ಬಿಗಿಯಾಗಿ ಅಂಟುತ್ತದೆ. ನಾಲ್ಕನೆಯದು ಬಿಸಿ-ತಣ್ಣನೆಯ ನಿರ್ವಾತ ಕೋಣೆ, ಗಾಳಿ ತೆಗೆಯುವಾಗಲೂ ಉಪಕರಣ ಚಾಲೂ ಇರಲಿ. ಐದನೆಯದು ಬೆಳಕು: ಕತ್ತಲೆ ಕೋಣೆಯಲ್ಲಿ ನೆಲಮಟ್ಟದ ಒಂದೇ ಪ್ರಖರ ದೀಪ.

ಕೊನೆಗೆ ಬಯಲು. ನಾಸಾದ ಡೆಸರ್ಟ್ ರ‍್ಯಾಟ್ಸ್ ಅರಿಜೋನಾದಲ್ಲಿ, ಯುರೋಪಿನ ಪಂಜಿಯಾ-ಎಕ್ಸ್ ಪ್ರಯೋಗಗಳು ಸ್ಪೇನಿನ ಲಾಂಜರೋಟೆ ದ್ವೀಪದ ಲಾವಾ ನೆಲದಲ್ಲಿ ನಡೆದದ್ದು ಇಂಥ ಪರೀಕ್ಷೆಗಾಗಿಯೇ. ಬಯಲಿನಲ್ಲಿ ಒಂದು ದಿನ ಹೇಳದೆ ಕೇಳದೆ ಉಪಕರಣ ಆಫ್ ಮಾಡಿಬಿಡಿ. ತಂಡ ಕಾಗದದ ಪಟ್ಟಿ ತೆಗೆದು ಕೆಲಸ ಮುಂದುವರಿಸಿದರೆ ಸರಿ. ನಿಂತುಬಿಟ್ಟರೆ ವಿನ್ಯಾಸವನ್ನು ರಟ್ಟಿನ ಹಂತಕ್ಕೆ ವಾಪಸ್ ಒಯ್ಯಿರಿ.